ಸೋತವರಿಗೂ ಮುಂದಿನ ಭಾನುವಾರ

ರಾಗಿ ಕೊಯ್ಲು ಮುಗಿದು ಹೊಲ ಬಯಲಾಗುವ ಹೊತ್ತಿಗೆ ಹಾಸನ ಜಿಲ್ಲೆಯ ಹೋಬಳಿ ಊರುಗಳಲ್ಲಿ ಬ್ಯಾನರ್‌ಗಳು ಏಳುತ್ತವೆ. ದುದ್ದ ಇರಲಿ, ಶಾಂತಿಗ್ರಾಮ ಇರಲಿ, ಹೊಳೆನರಸೀಪುರದ ಹಳ್ಳಿಮೈಸೂರು ಇರಲಿ, ಒಕ್ಕಣೆ ಹೆಚ್ಚುಕಡಿಮೆ ಒಂದೇ: ಹೊನಲು ಬೆಳಕಿನ ಪಂದ್ಯಾವಳಿ, ಪ್ರಥಮ ಬಹುಮಾನ ಇಷ್ಟು, ದ್ವಿತೀಯ ಇಷ್ಟು, ಜೊತೆಗೆ ಆಕರ್ಷಕ ಟ್ರೋಫಿ, ಪ್ರವೇಶ ಶುಲ್ಕ ಇಷ್ಟು, ತೀರ್ಪುಗಾರರ ತೀರ್ಮಾನವೇ ಅಂತಿಮ. ಕಬಡ್ಡಿಯೋ, ವಾಲಿಬಾಲೋ, ಟೆನಿಸ್ ಬಾಲ್ ಕ್ರಿಕೆಟ್ಟೋ, ಆಟ ಬೇರೆಯಾದರೂ ನಿಯಮ ಒಂದೇ, ನಾಕೌಟ್. ಪಕ್ಕದ ಊರಿನ ಹುಡುಗರು ಗೂಡ್ಸ್ ಆಟೊದಲ್ಲಿ ಬಂದು, ಮುಕ್ಕಾಲು ಗಂಟೆ ಆಡಿ, ಸೋತು, ಊಟದ ಹೊತ್ತಿಗೆ ವಾಪಸ್ ಮನೆ ಸೇರುತ್ತಾರೆ. ಅವರ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು.

ಆ ತಂಡಕ್ಕೆ ಎಷ್ಟನೆಯ ಸ್ಥಾನ ಬಂತು ಎಂದು ಕೇಳಿದರೆ ಉತ್ತರವಿಲ್ಲ. ನಾಕೌಟ್‌ಗೆ ಗೆದ್ದವರು ಗೊತ್ತು, ರನ್ನರ್ ಅಪ್ ಗೊತ್ತು. ಹದಿನಾರು ತಂಡ ಬಂದಿದ್ದರೆ ಉಳಿದ ಹದಿನಾಲ್ಕು ಬರೀ ಪ್ರವೇಶ ಶುಲ್ಕದ ಲೆಕ್ಕ.

ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ತೊಂಬತ್ತೆರಡನೆಯ ಸ್ಥಾನಕ್ಕೂ ಬೆಲೆಯಿದೆ. ನಮ್ಮ ಟೀವಿಗೆ ಬರುವ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡಗಳು. ಅದರ ಕೆಳಗೆ ತಲಾ 24 ತಂಡಗಳ ಮೂರು ಅಂತಸ್ತು: ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ. ಅದಕ್ಕೂ ಕೆಳಗೆ ನ್ಯಾಷನಲ್ ಲೀಗ್. ಅಲ್ಲಿಂದ ಕವಲೊಡೆಯುತ್ತಾ ಹೋಗಿ ಕೊನೆಗೆ ಬೇಕರಿಯವನು, ಮೇಷ್ಟ್ರು, ಪ್ಲಂಬರ್ ಸೇರಿ ಆಡುವ ಊರ ತಂಡಗಳವರೆಗೂ ಏಣಿ ಇಳಿಯುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಅಂಕಪಟ್ಟಿ. ಮೇಲಿನವರಿಗೆ ಬಡ್ತಿ, ತಳದವರಿಗೆ ಹಿಂಬಡ್ತಿ.

ತಳದಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ 1987ರ ಮೇ 9ರ ಮಧ್ಯಾಹ್ನ ನೋಡಬೇಕು. ಕಡಲ ತೀರದ ಟಾರ್ಕಿ ಎಂಬ ಊರಿನ ತಂಡ ಆಗಿನ ನಾಲ್ಕನೆಯ ಡಿವಿಷನ್‌ನ ಬುಡದ ಹತ್ತಿರವಿತ್ತು. ಕೊನೆಯ ಪಂದ್ಯ, ಎದುರಾಳಿ ಕ್ರೂ ಅಲೆಕ್ಸಾಂಡ್ರಾ. ಅರ್ಧ ಆಟಕ್ಕೆ ಟಾರ್ಕಿ 0-2 ಹಿಂದೆ. ಜಿಮ್ ಮೆಕ್‌ನಿಕಲ್ ಎಂಬ ಡಿಫೆಂಡರ್ ಫ್ರೀ ಕಿಕ್‌ನಲ್ಲಿ ಒಂದು ಗೋಲು ತೀರಿಸಿದ. ಆಟ ಮುಗಿಯಲು ಕೆಲವೇ ನಿಮಿಷ ಇದ್ದಾಗ ಅದೇ ಮೆಕ್‌ನಿಕಲ್ ಚೆಂಡಿನ ಹಿಂದೆ ಗೆರೆಯತ್ತ ಓಡಿದ. ಗೆರೆಯಾಚೆ ನಿಂತಿದ್ದ ಬ್ರಿನ್ ಎಂಬ ಪೊಲೀಸ್ ನಾಯಿಗೆ ಅವನು ತನ್ನ ಯಜಮಾನನ ಮೇಲೇ ಬರುತ್ತಿದ್ದಾನೆ ಅನ್ನಿಸಿರಬೇಕು, ತೊಡೆಗೆ ಬಾಯಿ ಹಾಕಿತು. ರಕ್ತ ನಿಲ್ಲಿಸಿ ಪಟ್ಟಿ ಕಟ್ಟುವಷ್ಟರಲ್ಲಿ ಹೋದ ಸಮಯವನ್ನು ರೆಫರಿ ಕೊನೆಗೆ ಸೇರಿಸಿದರು. ಆ ಸೇರಿಸಿದ ಸಮಯದಲ್ಲೇ ಪಾಲ್ ಡಾಬ್ಸನ್ ಗೋಲು ಹೊಡೆದ. 2-2. ಟಾರ್ಕಿಗೂ ಲಿಂಕನ್ ಸಿಟಿಗೂ 48 ಅಂಕ ಸಮಸಮ; ಗೋಲುಗಳ ಅಂತರದಲ್ಲಿ ಲಿಂಕನ್ ಕೆಳಗೆ ಜಾರಿತು. ಸಾವಿರಾರು ಜನ ಉಸಿರು ಬಿಗಿಹಿಡಿದು ನೋಡಿದ ಈ ಪಂದ್ಯ ಚಾಂಪಿಯನ್ ಪಟ್ಟಕ್ಕಲ್ಲ, ತೊಂಬತ್ತೊಂದನೆಯ ಸ್ಥಾನಕ್ಕೆ.

ಇಷ್ಟು ಬಿಗಿಯಾದ ಏರ್ಪಾಡು ಹುಟ್ಟಿದ್ದು ಒಬ್ಬ ಬಟ್ಟೆ ವ್ಯಾಪಾರಿಯ ತಲೆಯಲ್ಲಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಗಡಿ ಇಟ್ಟಿದ್ದ ವಿಲಿಯಂ ಮೆಕ್‌ಗ್ರೆಗರ್ ಆಸ್ಟನ್ ವಿಲ್ಲಾ ಕ್ಲಬ್ಬಿನ ಪದಾಧಿಕಾರಿ. ಆಗ ಅಲ್ಲಿಯೂ ನಮ್ಮಂತೆಯೇ ಕಪ್ ಪಂದ್ಯಗಳು, ಇಲ್ಲವೇ ಸ್ನೇಹಕೂಟದ ಪಂದ್ಯಗಳು. ಕಪ್‌ನಲ್ಲಿ ಬೇಗ ಸೋತರೆ ಮುಂದೆ ಆಟವಿಲ್ಲ. ಸ್ನೇಹಪಂದ್ಯ ನಂಬಿದರೆ ಎದುರಾಳಿ ಬರುವುದೇ ಇಲ್ಲ. 1885ರಲ್ಲಿ ಆಟಗಾರರಿಗೆ ಸಂಬಳ ಕೊಡುವುದಕ್ಕೆ ಒಪ್ಪಿಗೆ ಸಿಕ್ಕಿತ್ತು, ಸಂಬಳಕ್ಕೆ ಗೇಟಿನ ದುಡ್ಡು ಬೇಕು, ದುಡ್ಡಿಗೆ ಖಾತ್ರಿಯಾದ ಪಂದ್ಯ ಬೇಕು. 1888ರ ಮಾರ್ಚ್‌ನಲ್ಲಿ ಮೆಕ್‌ಗ್ರೆಗರ್ ಕೆಲವು ಕ್ಲಬ್ಬುಗಳಿಗೆ ಕಾಗದ ಬರೆದರು. ಏಪ್ರಿಲ್‌ನಲ್ಲಿ ಹನ್ನೆರಡು ತಂಡಗಳ ಫುಟ್‌ಬಾಲ್ ಲೀಗ್ ತಯಾರಾಯಿತು. ಸೆಪ್ಟೆಂಬರ್‌ನಲ್ಲಿ ಆಟ ಶುರುವಾದಾಗ ಗೆಲುವಿಗೆ ಎಷ್ಟು ಅಂಕ ಎಂಬುದೇ ತೀರ್ಮಾನವಾಗಿರಲಿಲ್ಲ, ಅದಾದದ್ದು ನವೆಂಬರ್‌ನಲ್ಲಿ. ಪ್ರೆಸ್ಟನ್ 22 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಗೆದ್ದಿತು. 12 ಅಂಕದ ಸ್ಟೋಕ್ ಕೊನೆಗೆ ಉಳಿಯಿತು. ಆದರೆ ಸ್ಟೋಕ್ ಕೂಡ ಆಡಿದ್ದು 22 ಪಂದ್ಯವನ್ನೇ.

ಹಾಗೆಂದು ಆ ಏಣಿ ಮೊದಲ ದಿನದಿಂದಲೇ ಎಲ್ಲರಿಗೂ ತೆರೆದಿತ್ತು ಎಂದಲ್ಲ. ತಳದ ಕೆಲವು ತಂಡಗಳು ಪ್ರತಿ ವರ್ಷ ಉಳಿದ ಕ್ಲಬ್ಬುಗಳ ಮುಂದೆ ವೋಟು ಬೇಡಬೇಕಿತ್ತು, ಒಳಗಿದ್ದವರು ಒಳಗಿದ್ದವರಿಗೇ ವೋಟು ಹಾಕುತ್ತಿದ್ದರು. ನಮ್ಮ ಸಹಕಾರ ಸಂಘಗಳ ಚುನಾವಣೆ ನೆನಪಾದರೆ ತಪ್ಪೇನಿಲ್ಲ. ಹೊರಗಿನ ಲೀಗ್ ಗೆದ್ದವರಿಗೆ ನೇರ ಪ್ರವೇಶ ಕೊಟ್ಟದ್ದು ಆ ನಾಯಿ ಕಚ್ಚಿದ 1987ರಲ್ಲೇ, ಲೀಗ್ ಹುಟ್ಟಿ 99 ವರ್ಷಕ್ಕೆ. ಲಿಂಕನ್ ಇಳಿಯಿತು, ಸ್ಕಾರ್‌ಬರೋ ಏರಿತು. ಮರುವರ್ಷ ಲಿಂಕನ್ ವಾಪಸ್ ಬಂತು.

ಹೀಗೆ ವಾಪಸ್ ಬರುವ ದಾರಿಯಿದ್ದರೆ ಊರಿನವರು ತಮ್ಮ ತಂಡವನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅಕ್ರಿಂಗ್‌ಟನ್ ಸ್ಟ್ಯಾನ್ಲಿ 1962ರಲ್ಲಿ ಸಾಲದ ಹೊರೆ ತಾಳದೆ ಸೀಸನ್ ಮಧ್ಯದಲ್ಲೇ ಲೀಗ್ ಬಿಟ್ಟಿತು, ಕೆಲವು ವರ್ಷಗಳಲ್ಲಿ ಕ್ಲಬ್ಬೇ ಮುಚ್ಚಿಹೋಯಿತು. ಲೀಗ್‌ನಲ್ಲಿ ಅದರ ಜಾಗಕ್ಕೆ ಬಂದದ್ದು ಆಕ್ಸ್‌ಫರ್ಡ್ ಯುನೈಟೆಡ್. 1968ರಲ್ಲಿ ಊರವರು ಅದೇ ಹೆಸರಿನಲ್ಲಿ ಮತ್ತೆ ಕ್ಲಬ್ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, 2006ರಲ್ಲಿ ಲೀಗ್‌ಗೆ ಮರಳಿದರು. ಅದೇ ವರ್ಷ ಕೆಳಗಿಳಿದ ತಂಡಗಳಲ್ಲಿ ಒಂದು ಆಕ್ಸ್‌ಫರ್ಡ್ ಯುನೈಟೆಡ್. 44 ವರ್ಷದ ಈ ಕತೆಯನ್ನು ಯಾವ ಕಾದಂಬರಿಕಾರನೂ ಕಟ್ಟಿದ್ದಲ್ಲ, ಅಂಕಪಟ್ಟಿಯೇ ಬರೆದದ್ದು.

ಕರ್ನಾಟಕಕ್ಕೂ ಈ ಕೆಳ ಅಂತಸ್ತಿನ ಇಂಗ್ಲಿಷ್ ಫುಟ್‌ಬಾಲಿಗೂ ಹಳೆಯ ನಂಟಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ಪಂದ್ಯ ನಡೆದದ್ದು ಲಂಡನ್ನಿನ ಅಂಚಿನ ಇಲ್ಫರ್ಡ್‌ನಲ್ಲಿ. ಅದು ದೊಡ್ಡ ಕ್ಲಬ್ಬಿನ ಊರಲ್ಲ. ಅಲ್ಲಿನ ತಂಡ ಹವ್ಯಾಸಿಗಳ ಇಸ್ತ್‌ಮಿಯನ್ ಲೀಗ್‌ನಲ್ಲಿ ಆಡಿಕೊಂಡಿತ್ತು.

ಹತ್ತಿರದ ನಂಟು 2013ರದ್ದು. ಆ ವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆ್ಯಶ್ಲಿ ವೆಸ್ಟ್‌ವುಡ್, ಟಾರ್ಕಿಯ ನಾಯಿ ಪಂದ್ಯದ ಎದುರಾಳಿಯಾಗಿದ್ದ ಅದೇ ಕ್ರೂ ಸೇರಿ ನಾರ್ಥಾಂಪ್ಟನ್, ಚೆಸ್ಟರ್ ತಂಡಗಳಲ್ಲಿ ಆಡಿ ಸವೆದವರು. ಡಿಫೆನ್ಸ್‌ನಲ್ಲಿ ಜಾನ್ ಜಾನ್ಸನ್ ಬಂದದ್ದು ನಾರ್ಥಾಂಪ್ಟನ್‌ನಿಂದ. ಪಕ್ಕದಲ್ಲಿ ನಿಂತ ಕೀನ್ಯಾದ ಕರ್ಟಿಸ್ ಒಸಾನೊ ಹಿಂದಿನ ಸೀಸನ್‌ನಲ್ಲಿ ಆಡಿದ್ದು ಎಎಫ್‌ಸಿ ವಿಂಬಲ್ಡನ್‌ಗೆ. ಈ ವಿಂಬಲ್ಡನ್ ಯಾವುದೆಂದರೆ, 2002ರಲ್ಲಿ ತಮ್ಮ ಕ್ಲಬ್ಬನ್ನು ಮಾಲೀಕರು ಬೇರೆ ಊರಿಗೆ ಎತ್ತಿಕೊಂಡು ಹೊರಟಾಗ ಅಭಿಮಾನಿಗಳು ಸಾರ್ವಜನಿಕ ಬಯಲಿನಲ್ಲಿ ಆಟಗಾರರನ್ನು ಆರಿಸಿ ಹೊಸದಾಗಿ ಕಟ್ಟಿದ್ದು. ಒಂಬತ್ತು ವರ್ಷದಲ್ಲಿ ಐದು ಬಡ್ತಿ ಪಡೆದು ಲೀಗ್ ತಲುಪಿದ್ದು. ಕೆಳಗಿನ ಮೆಟ್ಟಿಲುಗಳಲ್ಲಿ ಪಳಗಿದ ಇವರು ಸುನಿಲ್ ಛೆಟ್ರಿ ಜೊತೆ ಸೇರಿ ಮೊದಲ ಪ್ರಯತ್ನದಲ್ಲೇ, 2014ರ ಏಪ್ರಿಲ್‌ನಲ್ಲಿ, ಐ-ಲೀಗ್ ಗೆದ್ದುಕೊಟ್ಟರು. ಇಂಗ್ಲೆಂಡಿನ ದೊಡ್ಡ ಹೆಸರುಗಳು ನಮಗೆ ಜೆರ್ಸಿ ಮಾರಿದರೆ, ಚಿಕ್ಕ ಹೆಸರುಗಳು ಕಪ್ ತಂದವು.

ಬೆಂಗಳೂರಿನಲ್ಲಿ ಏಣಿ ಇಲ್ಲದಿಲ್ಲ. ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳು ಅಲ್ಲಿ ದಶಕಗಳಿಂದ ನಡೆಯುತ್ತಿವೆ. ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳು, ಎಂಇಜಿ, ಎಎಸ್‌ಸಿ ಸೇನಾ ತಂಡಗಳು, ಗೌತಮಪುರ, ಆಸ್ಟಿನ್ ಟೌನ್ ಬೀದಿಗಳ ಹುಡುಗರು ಆ ಮೆಟ್ಟಿಲು ಹತ್ತಿದವರೇ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯಲ್ಲಿ ರೋವರ್ಸ್ ಕಪ್ ಗೆದ್ದಾಗ ಸೈನಿಕರಲ್ಲದ ಭಾರತೀಯ ತಂಡವೊಂದಕ್ಕೆ ಆ ಕಪ್ ಸಿಕ್ಕಿದ್ದು ಅದೇ ಮೊದಲು. ಈಚೆಗೆ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023-24ರ ಐ-ಲೀಗ್ 2 ಗೆದ್ದು ಮೇಲೇರಿತು, ಮರು ಸೀಸನ್‌ನಲ್ಲೇ ಕೆಳಗಿಳಿಯಿತು. ಬೇಸರದ ಸಂಗತಿಯೇ, ಆದರೆ ಏಣಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ತೊಂದರೆ ಎರಡು ಕಡೆ ಇದೆ. ಮೇಲ್ತುದಿಯಲ್ಲಿ ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಶುರುವಾಗಿ ಮೊದಲ ಹತ್ತು ಸೀಸನ್‌ಗಳಲ್ಲಿ ಒಂದು ತಂಡವನ್ನೂ ಕೆಳಗಿಳಿಸಲಿಲ್ಲ. ಕೊನೆಯ ಸ್ಥಾನಕ್ಕೆ ಭಯವಿಲ್ಲದಿದ್ದರೆ ಸೀಸನ್ನಿನ ಕೊನೆಯ ತಿಂಗಳು ಬರೀ ಔಪಚಾರಿಕ. ಕೆಳತುದಿಯಲ್ಲಿ ಏಣಿಯ ಕೊನೆಯ ಮೆಟ್ಟಿಲು ಬೆಂಗಳೂರಿನಲ್ಲೇ ನಿಲ್ಲುತ್ತದೆ. ದುದ್ದದಲ್ಲೋ ಅರಕಲಗೂಡಿನಲ್ಲೋ ಚೆನ್ನಾಗಿ ಆಡುವ ಹುಡುಗನಿದ್ದರೆ, ಅವನ ತಂಡ ಅಲ್ಲೇ ಇದ್ದುಕೊಂಡು ಮೇಲೆ ಹೋಗುವ ದಾರಿಯಿಲ್ಲ. ಹೋದರೆ ಅವನೊಬ್ಬನೇ ಹೋಗಬೇಕು, ಕ್ರೀಡಾ ಹಾಸ್ಟೆಲ್‌ಗೋ ಬೆಂಗಳೂರಿಗೋ. ಊರಿನ ಆಟ ಊರಲ್ಲೇ ಸಾಯುತ್ತದೆ.

ನಾಕೌಟ್ ಕೆಟ್ಟದ್ದೆಂದು ಯಾರೂ ಹೇಳಲಾರರು. ಪಕ್ಕದ ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳನ್ನು ಸೇರಿಸಿತು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಹಬ್ಬ ಅದು. ಹಬ್ಬಕ್ಕೆ ನಾಕೌಟ್ ಸರಿ. ಆದರೆ ವರ್ಷಕ್ಕೊಂದು ಹಬ್ಬ ಉಂಡು ಯಾರೂ ಮೈ ಬೆಳೆಸಲಾಗುವುದಿಲ್ಲ, ದಿನದ ಮುದ್ದೆಯೂ ಬೇಕು.

ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಎಂಟು ತಂಡಗಳ ನಾಕೌಟ್‌ನಲ್ಲಿ ನಡೆಯುವುದು ಒಟ್ಟು 7 ಪಂದ್ಯ. ನಾಲ್ಕು ತಂಡ ಒಂದೇ ಪಂದ್ಯಕ್ಕೆ ಮನೆಗೆ. ಅದೇ ಎಂಟು ತಂಡಗಳು ಪರಸ್ಪರ ಎರಡು ಸಲ ಆಡಿದರೆ 56 ಪಂದ್ಯ, ಪ್ರತಿ ತಂಡಕ್ಕೂ 14. ಏಳು ನಮ್ಮೂರಲ್ಲಿ, ಏಳು ಅವರೂರಲ್ಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಿಂದ ತಲಾ ಎರಡು ಫುಟ್‌ಬಾಲ್ ತಂಡ ತೆಗೆದುಕೊಂಡರೆ ಎಂಟಾಯಿತು. ಹಾಸನದಿಂದ ಉಳಿದ ಮೂರು ತಾಲ್ಲೂಕು ಕೇಂದ್ರಗಳೂ ನಲವತ್ತು ಕಿಲೋಮೀಟರ್ ಒಳಗೇ ಇವೆ. ಬೆಳಿಗ್ಗೆ ಬಸ್ ಹತ್ತಿದರೆ ಆಡಿ ಸಂಜೆಗೆ ಮನೆ. ಮಳೆ ನಿಂತ ನವೆಂಬರ್‌ನಿಂದ ಫೆಬ್ರುವರಿವರೆಗೆ ಹದಿನಾಲ್ಕು ಭಾನುವಾರ ಸಾಕು. ಎರಡನೆಯ ವರ್ಷ ಕೆಳಗೊಂದು ಡಿವಿಷನ್, ಅಲ್ಲಿಂದ ಒಂದು ತಂಡ ಮೇಲಕ್ಕೆ, ಇಲ್ಲಿಂದ ಒಂದು ಕೆಳಕ್ಕೆ. ಮೊದಲ ಸ್ಥಾನ ಪಡೆದವರಿಗೆ ಬೆಂಗಳೂರಿನ ಸಿ ಡಿವಿಷನ್‌ಗೆ ಸಮನಾದ ರಾಜ್ಯ ಲೀಗ್‌ನ ಬಾಗಿಲು ತೆರೆಯುವುದು ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕೆಲಸ.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಏಣಿಯಿದ್ದ ಮಾತ್ರಕ್ಕೆ ಕ್ಲಬ್ ಉಳಿಯುತ್ತದೆ ಎಂಬ ಖಾತ್ರಿ ಇಂಗ್ಲೆಂಡಿನಲ್ಲೂ ಇಲ್ಲ. ಎರಡು ಸಲ ಎಫ್‌ಎ ಕಪ್ ಗೆದ್ದಿದ್ದ, 1894ರಿಂದ ಲೀಗ್‌ನಲ್ಲಿದ್ದ ಬರಿ ಎಂಬ ಊರಿನ ತಂಡವನ್ನು ಹಣಕಾಸಿನ ಅವ್ಯವಸ್ಥೆಗಾಗಿ 2019ರ ಆಗಸ್ಟ್‌ನಲ್ಲಿ ಹೊರಹಾಕಲಾಯಿತು. ಮಾಲೀಕನ ಜೇಬು ನಂಬಿ ಕೈಮೀರಿ ಖರ್ಚು ಮಾಡಿದ ಕ್ಲಬ್ಬುಗಳ ಪಾಡು ಅದು. ಹೋಬಳಿ ಲೀಗ್‌ಗೆ ಅಂಥ ಖರ್ಚೇನೂ ಇಲ್ಲ. ಎರಡು ಗೋಲು ಕಂಬ, ಸುಣ್ಣದ ಗೆರೆ, ಬಸ್ ಚಾರ್ಜು, ರೆಫರಿಯ ಭತ್ಯೆ. ಒಂದು ರಾತ್ರಿಯ ಫ್ಲಡ್‌ಲೈಟ್, ಪೆಂಡಾಲು, ಮೈಕಿಗೆ ಸುರಿಯುವ ದುಡ್ಡನ್ನು ಹದಿನಾಲ್ಕು ವಾರಕ್ಕೆ ಹಂಚಿದರೆ ಬಹುಪಾಲು ಅಲ್ಲೇ ಹುಟ್ಟುತ್ತದೆ.

ಇನ್ನೊಂದು ಕೆಲಸ ಪತ್ರಿಕೆಗಳದ್ದು. ಟಾರ್ಕಿಯ ಪಂದ್ಯ ಇಂದಿಗೂ ನೆನಪಿರುವುದು ನಾಯಿಯಿಂದ ಮಾತ್ರವಲ್ಲ. ಆ ಸೀಸನ್ನಿನ ಪ್ರತಿ ಗೋಲು, ಪ್ರತಿ ಅಂಕ ಮುದ್ರಣದಲ್ಲಿ ಉಳಿದಿದೆ. ಜಿಲ್ಲಾ ಪುಟದಲ್ಲಿ ಸೋಮವಾರ ಎಂಟು ಸಾಲಿನ ಒಂದು ಪಟ್ಟಿಗೆ ಜಾಗ ಕೊಟ್ಟರೆ, ಎಂಟನೆಯ ಸಾಲಿನಲ್ಲಿರುವ ಊರಿನವರೂ ಪೇಪರ್ ತೆರೆದು ನೋಡುತ್ತಾರೆ.

ಈ ಸಲ ರಾಗಿ ಕೊಯ್ಲು ಮುಗಿದ ಮೇಲೆ ಬ್ಯಾನರ್ ಬರೆಸುವ ಯುವಕ ಸಂಘಗಳು ಒಮ್ಮೆ ಯೋಚಿಸಲಿ. ಪ್ರಥಮ ಬಹುಮಾನದ ಮೊತ್ತವನ್ನು ಸ್ವಲ್ಪ ಇಳಿಸಿ, ಅದರ ಕೆಳಗೆ ಹದಿನಾಲ್ಕು ಭಾನುವಾರಗಳ ತಾರೀಖು ಅಚ್ಚು ಹಾಕಿಸಲಿ.