ಕಾಗದದ ದೀಪವೂ ಶಿಲ್ಪವೇ

ಕಲ್ಲಾದರೆ ಕಲೆ, ಕಂಚಾದರೆ ಕಲೆ, ಕಾಗದವಾದರೆ ಮಾತ್ರ ಬರಿಯ ಕೈಗೆಲಸ: ನಮ್ಮ ಸುಶಿಕ್ಷಿತರಲ್ಲಿ ಬೇರೂರಿದ ಈ ನಂಬಿಕೆಯನ್ನು ನಾನು ಒಪ್ಪಲಾರೆ. ಇದರಿಂದ ಕಾಗದಕ್ಕೇನೂ ನಷ್ಟವಿಲ್ಲ. ಅದನ್ನು ಮಡಿಸಿ, ಅಂಟಿಸಿ ಹೊಟ್ಟೆ ಹೊರೆಯುವವನಿಗೆ ನಷ್ಟವುಂಟು. ಕಲಾವಿದನೆಂದರೆ ಕೈಮುಗಿಯುವ ನಾವೇ, ಕಸುಬುದಾರನೆಂದೊಡನೆ ಚೌಕಾಸಿಗೆ ಇಳಿಯುತ್ತೇವೆ.

ಈ ಭೇದ ಎಷ್ಟು ಟೊಳ್ಳೆಂಬುದನ್ನು ತಿಳಿಯಲು ಜಪಾನಿನ ಗಿಫು ನಗರವನ್ನು ನೋಡಬೇಕು. ಕಾಗದದ ಲಾಂದ್ರಗಳಿಗೆ ಹಿಂದಿನಿಂದಲೂ ಹೆಸರಾದ ಊರು ಅದು. 1951ರಲ್ಲಿ ಇಸಾಮು ನೊಗುಚಿ ಅಲ್ಲಿಗೆ ಬಂದಾಗ, ಸೊರಗಿದ್ದ ಈ ಕಸುಬಿಗೆ ಜೀವ ತುಂಬಬೇಕೆಂದು ಊರಿನ ಮೇಯರು ಕೇಳಿಕೊಂಡರು. ನೊಗುಚಿ ಸಾಮಾನ್ಯನಲ್ಲ, 1927ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರಾಂಕೂಸಿಯ ಕೈಕೆಳಗೆ ದುಡಿದ ಶಿಲ್ಪಿ. ಆತ ರೂಪಿಸಿದ ದೀಪಗಳೇ ‘ಅಕಾರಿ’. ಬೆಳಕು ಎಂದು ಅರ್ಥ. ಮರದ ಅಚ್ಚಿನ ಮೇಲೆ ಸಣ್ಣಗೆ ಸೀಳಿದ ಬಿದಿರನ್ನು ಸುತ್ತಿ, ಕಾಗದದ ಪಟ್ಟಿಗಳನ್ನು ಒಂದೊಂದಾಗಿ ಅಂಟಿಸುತ್ತಾರೆ. ಒಣಗಿದ ಮೇಲೆ ಅಚ್ಚನ್ನು ಬಿಡಿಬಿಡಿಯಾಗಿ ಕಳಚಿ ಹೊರತೆಗೆಯುತ್ತಾರೆ. ಕಲ್ಲುಕುಟಿಗನು ಕಲ್ಲನ್ನು ಕಳೆದು ಆಕಾರ ಪಡೆದರೆ, ಇವರು ಅಚ್ಚನ್ನೇ ಕಳೆದು ಪಡೆಯುತ್ತಾರೆ.

ಇದು ಶಿಲ್ಪವಲ್ಲವೆನ್ನುವವರ ಮೊದಲ ಆಕ್ಷೇಪ, ಕಾಗದ ಬಾಳುವುದಿಲ್ಲವೆಂದು. ಈ ಕಾಗದ ಹಿಪ್ಪುನೇರಳೆಯ ಬಳಗದ ಕೋಜೊ ಗಿಡದ ಒಳತೊಗಟೆಯದು; ನಾರು ಉದ್ದ, ಹಿಡಿತ ಗಟ್ಟಿ. 702ರಲ್ಲಿ ಮಿನೊ ಪ್ರಾಂತದ ಜನಗಣತಿಯನ್ನು ಬರೆದ ಇಂಥ ಕಾಗದ ನಾರಾ ನಗರದ ಶೋಸೋಇನ್ ಭಂಡಾರದಲ್ಲಿ ಇಂದಿಗೂ ಇದೆ. ದೀಪ ಅಷ್ಟು ದಿನ ಬಾಳದು ಎನ್ನುವಿರಾ? ಇರಲಿ. ಹಾಡಿ ಮುಗಿಸಿದೊಡನೆ ಮಾಯವಾಗುವ ಸಂಗೀತವನ್ನು ಕಲೆಯಲ್ಲವೆಂದು ಯಾರೆಂದಾರು?

ಎರಡನೆಯದು, ಉಪಯೋಗಕ್ಕೆ ಬರುವ ವಸ್ತು ಕಲೆಯಲ್ಲವೆಂಬುದು. ಹಾಗಾದರೆ ಪೂಜೆಗೆಂದೇ ಕಟ್ಟಿದ ಬೇಲೂರಿನ ಗುಡಿಯನ್ನು ಏನೆಂದು ಕರೆಯೋಣ?

ಮೂರನೆಯದು, ಒಂದೇ ಅಚ್ಚಿನಿಂದ ಹಲವು ದೀಪಗಳು ಹುಟ್ಟುತ್ತವೆಂಬುದು. ರೋಡಿನ್ನನ ‘ಚಿಂತಕ’ನೂ ಹಲವು ಎರಕಗಳಾಗಿ ಹಲವು ದೇಶಗಳಲ್ಲಿ ಕುಳಿತಿದ್ದಾನೆ. ಅವನನ್ನು ಯಾರೂ ಲಾಂದ್ರದ ಅಂಗಡಿಗೆ ಕಳುಹಿಸಿಲ್ಲ!

ನೊಗುಚಿಗೆ ಈ ಸಂಕೋಚ ಇರಲಿಲ್ಲ. 1986ರಲ್ಲಿ ವೆನಿಸ್ಸಿನ ದ್ವೈವಾರ್ಷಿಕ ಪ್ರದರ್ಶನದಲ್ಲಿ ಅಮೆರಿಕದ ಪರವಾಗಿ ಕೃತಿಗಳನ್ನಿಟ್ಟಾಗ, ಕಲ್ಲಿನ ಶಿಲ್ಪಗಳ ಜೊತೆಗೆ ಈ ದೀಪಗಳನ್ನೂ ಇಟ್ಟ.

ಆದರೆ ಇಲ್ಲಿಯೂ ನನ್ನ ತಕರಾರು ತೀರಲಿಲ್ಲ. ಜಗತ್ತು ಬಲ್ಲದ್ದು ನೊಗುಚಿಯ ಹೆಸರನ್ನು. ಬಿದಿರು ಸುತ್ತಿದ ಕೈ, ಕಾಗದ ಅಂಟಿಸಿದ ಕೈ ಯಾರದೆಂದು ಕೇಳಿದವರು ಕಡಿಮೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ 13ನೆಯ ಶತಮಾನದಲ್ಲೇ ತಾನು ಕಡೆದ ವಿಗ್ರಹಗಳ ಅಡಿಯಲ್ಲಿ ಹೆಸರು ಕೊರೆದಿಟ್ಟ. ಕಾಗದದವನಿಗೆ ಆ ಭಾಗ್ಯವೂ ಇಲ್ಲ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮಗೆ ಚೆನ್ನಾಗಿ ಒಪ್ಪುತ್ತದೆ. ದೀಪಾವಳಿಗೆ ಕರಾವಳಿಯಲ್ಲಿ ಗೂಡುದೀಪ, ಬೆಳಗಾವಿ–ಧಾರವಾಡದ ಕಡೆ ಆಕಾಶಬುಟ್ಟಿ ತೂಗುತ್ತವೆ. ಬಿದಿರಿನ ಕಡ್ಡಿ, ಬಣ್ಣದ ಕಾಗದ, ಒಂದಿಷ್ಟು ಅಂಟು: ಗಿಫುವಿನ ಸಾಮಗ್ರಿಯೂ ಹೆಚ್ಚು ಕಡಿಮೆ ಇದೇ. ಆದರೆ ಜಪಾನಿನ ದೀಪವನ್ನು ದಿವಾನಖಾನೆಗೆ ತರಲು ಸಾವಿರಗಟ್ಟಲೆ ಸುರಿಯುವವರು, ನಮ್ಮವನ ಬೆಲೆ ಹೆಚ್ಚಾಯಿತೆಂದು ಪ್ಲಾಸ್ಟಿಕ್ಕಿನದನ್ನು ಕೊಂಡು ನಡೆಯುತ್ತಾರೆ. ಬಿದಿರು ಸೀಳಿ, ಹೊಂದಿಸಿ, ಒಣಗಿಸಿದ ದಿನಗಳಿಗೆ ಈ ಲೆಕ್ಕದಲ್ಲಿ ಬೆಲೆಯೇ ಇಲ್ಲ.

ಸನ್ಮಾನ, ಶಾಲು, ಹಾರಗಳು ಬೇಡ. ಬರುವ ದೀಪಾವಳಿಯಲ್ಲಿ ದೀಪ ಕಟ್ಟಿದವನ ಹೆಸರು ಕೇಳಿ. ಅವನು ಹೇಳಿದ ಬೆಲೆ ಕೊಡಿ. ಅದು ಶಿಲ್ಪವೇ ಅಲ್ಲವೇ ಎಂಬ ಚರ್ಚೆಯನ್ನು ಆಮೇಲೆ ಅದೇ ದೀಪದ ಕೆಳಗೆ ಕುಳಿತು ನಡೆಸೋಣ.