ನೆಲಕ್ಕೆ ಕಿವಿ ನೆಡುವವರು

‘ನನ್ನ ಮಗ ಪ್ರಥಮ ಪಿಯುಸಿ ಓದುತ್ತಿದ್ದಾನೆ. ಲ್ಯಾಬಿನಲ್ಲಿ ಚುರುಕು, ಎಲ್ಲರಿಗಿಂತ ಮೊದಲು ಪ್ರಯೋಗ ಮುಗಿಸುತ್ತಾನೆ. ಆದರೆ ರೆಕಾರ್ಡ್ ಬರೆಯುವುದೆಂದರೆ ಆಗದು. ಪರೀಕ್ಷೆಯ ಹಿಂದಿನ ವಾರ ಸೀನಿಯರ್ ಒಬ್ಬನ ಪುಸ್ತಕ ತಂದು ರಾತ್ರಿಯೆಲ್ಲ ನಕಲು ಮಾಡುತ್ತಾನೆ. ಕೇಳಿದರೆ, ಪ್ರಯೋಗ ಮಾಡಿದ್ದೇನಲ್ಲ, ಬರೆಯುವುದರಿಂದ ಏನು ಬಂತು ಎನ್ನುತ್ತಾನೆ. ಏನು ಉತ್ತರ ಕೊಡಲಿ?’

ಓದುಗರೊಬ್ಬರ ಪತ್ರ ಇದು. ಇಂಥ ಮಗ ಅವರೊಬ್ಬರ ಮನೆಯಲ್ಲಿ ಮಾತ್ರ ಇಲ್ಲ ಬಿಡಿ. ‘ಶಿಸ್ತು ಬೇಕಪ್ಪ’ ಎಂದು ಉಪದೇಶ ಮಾಡಿದರೆ ಯಾವ ಹುಡುಗನೂ ಕೇಳುವುದಿಲ್ಲ. ಆದ್ದರಿಂದ ಈ ವಾರ ಉಪದೇಶ ಬೇಡ. ಕತ್ತಲಲ್ಲಿ, ಸದ್ದಿಲ್ಲದೆ, ಕೈಗುದ್ದಲಿ ಹಿಡಿದು ನೆಲ ಅಗೆಯುವ ನಾಲ್ಕೈದು ಸೈನಿಕರ ತರಬೇತಿಯನ್ನು ನೋಡೋಣ. ಹುಡುಗನ ಪ್ರಶ್ನೆಗೆ ಉತ್ತರ ಅವರ ಜೇಬಿನಲ್ಲಿದೆ.

ಹಳ್ಳಿಯ ಮಕ್ಕಳು ಹಿಂದೆ ರೈಲುಹಳಿಗೆ ಕಿವಿಯಿಟ್ಟು ‘ರೈಲು ಬಂತು’ ಎಂದು ಹೇಳುವ ಆಟ ಆಡುತ್ತಿದ್ದರು (ನೀವು ಯಾರೂ ಆಡಬೇಡಿ!). ಕಣ್ಣಿಗೆ ಕಾಣುವ ಮೊದಲೇ ಕಂಪನ ಕಿವಿಗೆ ತಲುಪುತ್ತದೆ. ಮನುಷ್ಯ ನಡೆದರೂ ಅಷ್ಟೇ. ಪ್ರತಿ ಹೆಜ್ಜೆಯೂ ನೆಲವನ್ನು ಒಂದಿಷ್ಟು ನಡುಗಿಸುತ್ತದೆ. ಆ ನಡುಕವನ್ನು ಹಿಡಿಯುವ ಉಪಕರಣಕ್ಕೆ ‘ಜಿಯೋಫೋನ್’ ಎಂದು ಹೆಸರು. ಅದರೊಳಗೆ ಒಂದು ಅಯಸ್ಕಾಂತ, ಸ್ಪ್ರಿಂಗಿನಲ್ಲಿ ತೂಗುವ ಒಂದು ತಂತಿಯ ಸುರುಳಿ. ನೆಲ ಅಲುಗಿದಾಗ ಅಯಸ್ಕಾಂತ ಅಲುಗುತ್ತದೆ, ಸುರುಳಿ ಹಿಂದುಳಿಯುತ್ತದೆ; ತಂತಿಯಲ್ಲಿ ಚೂರು ವಿದ್ಯುತ್ ಹುಟ್ಟುತ್ತದೆ. ಸೈಕಲ್ ಡೈನಮೋದಲ್ಲಿ ನಡೆಯುವುದೂ ಇದೇ. ನೆಲದಡಿ ತೈಲ ಹುಡುಕುವವರು ಬಳಸುವುದೂ ಇದನ್ನೇ.

ಇದಕ್ಕೆ ಒಂದು ಬ್ಯಾಟರಿ, ಒಂದು ಪುಟ್ಟ ರೇಡಿಯೊ ಜೋಡಿಸಿ ದಾರಿಯ ಪಕ್ಕ ಹೂತುಬಿಟ್ಟರೆ ಅದೇ ಕಾವಲಿನ ಸೆನ್ಸರ್. ಯಾರಾದರೂ ಹಾದುಹೋದರೆ ದೂರದ ಶಿಬಿರಕ್ಕೆ ಸುದ್ದಿ ಮುಟ್ಟಿಸುತ್ತದೆ. ಕಬ್ಬಿಣ ಹತ್ತಿರ ಬಂದರೆ ಎಚ್ಚರಗೊಳ್ಳುವ ಕಾಂತೀಯ ಸೆನ್ಸರ್ ಮತ್ತು ದೇಹದ ಶಾಖವನ್ನು ಗುರುತಿಸುವ ಅವಗೆಂಪು ಸೆನ್ಸರ್ ಇದರ ಜೊತೆಗಾರರು. ಅಮೆರಿಕದ ಮರೀನ್ ಪಡೆಯಲ್ಲಿ ಇವುಗಳನ್ನು ನೆಡುವುದಕ್ಕೆಂದೇ ಪ್ರತ್ಯೇಕ ತುಕಡಿಗಳಿದ್ದವು. ಅಲ್ಲಿ ನಾಲ್ಕೈದು ಮಂದಿಯ ಚಿಕ್ಕ ತಂಡಕ್ಕೆ ಈ ಕೆಲಸವನ್ನು ಕಲಿಸಲಾಗುತ್ತಿತ್ತು.

ಅಗೆದು ಹೂಳುವುದರಲ್ಲಿ ಕಲಿಯುವುದೇನಿದೆ ಎನ್ನುತ್ತೀರಾ? ಸ್ವಲ್ಪ ತಾಳಿ.

ಮೊದಲ ಪಾಠ ಗುದ್ದಲಿಯದಲ್ಲ, ನಕ್ಷೆಯದು. ಬರುವವರು ಎಲ್ಲಿಂದ ಬಂದಾರು? ಎರಡು ಗುಡ್ಡಗಳ ನಡುವಿನ ಕಿರುದಾರಿ, ಹೊಳೆ ದಾಟುವ ಜಾಗ, ತಪ್ಪಿಸಿಕೊಂಡು ಹೋಗಲಾಗದ ಇಕ್ಕಟ್ಟು ಎಲ್ಲಿದೆ? ಸೆನ್ಸರಿನ ರೇಡಿಯೊಗೆ ಶಿಬಿರದವರೆಗೆ ಅಡ್ಡಿಯಿಲ್ಲದ ನೇರ ದಾರಿ ಬೇಕು. ನಡುವೆ ಗುಡ್ಡವಿದ್ದರೆ ಅದರ ನೆತ್ತಿಯ ಮೇಲೆ ಸುದ್ದಿ ದಾಟಿಸುವ ಇನ್ನೊಂದು ಪೆಟ್ಟಿಗೆ ಇಡಬೇಕು. ದೊಡ್ಡ ಮರದ ಬುಡ ಬೇಡ. ಗಾಳಿಗೆ ಬೇರು ಅಲುಗಿದರೂ ಸೆನ್ಸರ್ ಕೂಗುತ್ತದೆ. ಧುಮ್ಮಿಕ್ಕುವ ನೀರಿನ ಪಕ್ಕವೂ ಬೇಡ. ಇದನ್ನೆಲ್ಲ ಹೊರಡುವ ಮೊದಲೇ ಯೋಚಿಸಿರಬೇಕು.

ಎರಡನೆಯದು ಕೈಕೆಲಸ. ಇಬ್ಬರು ಅಗೆಯುವಾಗ ಉಳಿದವರು ಸುತ್ತ ಕಾವಲು. ಮೇಲಿನ ಹುಲ್ಲಿನ ಹೆಂಟೆಯನ್ನು ಮುರಿಯದಂತೆ ಎತ್ತಿಡಬೇಕು. ಮಣ್ಣನ್ನು ನೆಲದ ಮೇಲೆ ಸುರಿಯುವಂತಿಲ್ಲ, ಬಟ್ಟೆಯ ಮೇಲೆ ಹಾಕಬೇಕು. ಸೆನ್ಸರ್ ಇಟ್ಟ ಮೇಲೆ ಮಣ್ಣನ್ನು ಒತ್ತಿ ಒತ್ತಿ ತುಂಬಬೇಕು; ನಡುವೆ ಪೊಳ್ಳು ಉಳಿದರೆ ಹೆಜ್ಜೆಯ ಕಂಪನ ಅದಕ್ಕೆ ಸರಿಯಾಗಿ ತಲುಪುವುದಿಲ್ಲ. ಹುಲ್ಲನ್ನು ಮತ್ತೆ ಮುಚ್ಚಿ, ಮಿಕ್ಕ ಮಣ್ಣನ್ನು ಹೊತ್ತುಕೊಂಡು ಹೋಗಿ ದೂರ ಚೆಲ್ಲಬೇಕು. ಹೊರಗುಳಿಯುವ ಆಂಟೆನಾ ಗಿಡಗಂಟಿಯಲ್ಲಿ ಬೆರೆತಿರಬೇಕು. ನಾಳೆ ಅದೇ ದಾರಿಯಲ್ಲಿ ನಡೆಯುವವನಿಗೆ ಇಲ್ಲಿ ಯಾರೋ ಬಂದಿದ್ದರೆಂಬ ಅನುಮಾನವೂ ಮೂಡಬಾರದು.

ಮೂರನೆಯದು ನಡೆದು ನೋಡುವ ಪರೀಕ್ಷೆ. ತಂಡದವನೊಬ್ಬ ಪಕ್ಕದಲ್ಲಿ ಹಾದುಹೋಗುತ್ತಾನೆ. ಶಿಬಿರದಲ್ಲಿ ಕೂತವನಿಗೆ ಕೇಳಿಸಿತೇ ಎಂದು ವಿಚಾರಿಸಬೇಕು. ಗಟ್ಟಿನೆಲದಲ್ಲಿ ದೂರದ ಹೆಜ್ಜೆಯೂ ಕೇಳೀತು, ಸಡಿಲ ಮರಳಿನಲ್ಲಿ ಹತ್ತಿರದ್ದೂ ಕೇಳದಿರಬಹುದು. ಹಾಗಾಗಿ ಪುಸ್ತಕದಲ್ಲಿರುವ ಅಂಕಿ ಸಾಲದು, ಈ ನೆಲದಲ್ಲಿ ಅಳೆದ ಅಂಕಿಯೇ ಬೇಕು.

ನಾಲ್ಕನೆಯದು ಬರವಣಿಗೆ. ಹುಡುಗರಿಗೆ ಬೇಸರ ತರಿಸುವುದೂ ಇದೇ, ಉಳಿದ ಮೂರಕ್ಕೂ ಅರ್ಥ ಕೊಡುವುದೂ ಇದೇ. ಸೆನ್ಸರಿನ ಸಂಖ್ಯೆ ಎಷ್ಟು, ಎಲ್ಲಿ ಹೂತಿದೆ, ಪಕ್ಕದ ಸೆನ್ಸರಿಗೆ ಎಷ್ಟು ದೂರ, ಎಷ್ಟು ದೂರದಿಂದ ಹೆಜ್ಜೆ ಕೇಳಿಸಿತು, ಯಾವ ದಿನ ಯಾವ ಹೊತ್ತಿಗೆ ನೆಟ್ಟದ್ದು, ಬ್ಯಾಟರಿ ಎಂದಿಗೆ ಮುಗಿದೀತು - ಎಲ್ಲವನ್ನೂ ನಿಗದಿತ ನಮೂನೆಯಲ್ಲಿ ತುಂಬಬೇಕು.

ಯಾಕೆಂದರೆ ಸರಳ ಸೆನ್ಸರ್ ಒಂದಕ್ಕೆ ತಾನು ಎಲ್ಲಿದ್ದೇನೆಂದು ಗೊತ್ತಿಲ್ಲ! ಅದು ಕಳಿಸುವುದು ತನ್ನ ಸಂಖ್ಯೆಯನ್ನು ಮಾತ್ರ. ‘ನಾನು ಹದಿನೇಳು. ಏನೋ ಅಲುಗಿತು.’ ಅಷ್ಟೇ. ಹದಿನೇಳು ಎಂದರೆ ಯಾವ ಗುಡ್ಡ, ಯಾವ ದಾರಿ? ಅದು ಆ ಕಾಗದದಲ್ಲಿದೆ. ಕಾಗದ ತಪ್ಪಾಗಿದ್ದರೆ ಸೆನ್ಸರ್ ಎಷ್ಟು ಚೆನ್ನಾಗಿ ಕೇಳಿಸಿಕೊಂಡರೂ ಸುಳ್ಳೇ ಹೇಳುತ್ತದೆ.

ಎನ್‌ಸಿಸಿಯಲ್ಲಿ ಮ್ಯಾಪ್ ರೀಡಿಂಗ್ ಕಲಿತವರಿಗೆ ಇದು ಬೇಗ ತಿಳಿದೀತು. ನಕ್ಷೆಯ ಮೇಲಿನ ಜಾಗವನ್ನು ಆರು ಅಂಕಿಗಳಲ್ಲಿ ಬರೆದರೆ 100 ಮೀಟರಿನ ಚೌಕ ಸಿಗುತ್ತದೆ; ಎಂಟು ಅಂಕಿಗಳಲ್ಲಿ ಬರೆದರೆ 10 ಮೀಟರಿನದು. ಎಂಟರಲ್ಲಿ ಮೊದಲ ನಾಲ್ಕು ಪೂರ್ವಕ್ಕೆ ಎಷ್ಟು ದೂರ ಎಂಬುದನ್ನು ಹೇಳುತ್ತವೆ. ಆ ನಾಲ್ಕು 3865 ಆಗಿದ್ದು, ನಿದ್ದೆಗಣ್ಣಿನಲ್ಲಿ 3685 ಎಂದು ಬರೆದಿರಿ ಎನ್ನಿ. ಎರಡು ಅಂಕಿ ಅದಲು ಬದಲಾಯಿತು, ಅಷ್ಟೇ ತಾನೆ? ಆದರೆ ನಿಮ್ಮ ಸೆನ್ಸರ್ ಕಾಗದದ ಮೇಲೆ 1.8 ಕಿಲೋಮೀಟರ್ ಪಶ್ಚಿಮಕ್ಕೆ ಹೋಯಿತು. ಅಲ್ಲೊಂದು ಹಳ್ಳಿ ಇದ್ದರೆ? ಸೆನ್ಸರ್ ಕೂಗಿದಾಗ ಶಿಬಿರದವರು ಫಿರಂಗಿಯನ್ನು ತಿರುಗಿಸುವುದು ಎತ್ತ?

ಇನ್ನೊಂದು ಲೆಕ್ಕ. ಪೆನ್ಸಿಲ್ ಹಿಡಿಯಿರಿ. ಒಂದು ಕಾಲುದಾರಿಯಲ್ಲಿ 150 ಮೀಟರ್ ಅಂತರದಲ್ಲಿ ಎರಡು ಸೆನ್ಸರ್‌ಗಳಿವೆ. ಮೊದಲನೆಯದು ರಾತ್ರಿ 10 ಗಂಟೆಗೆ ಸರಿಯಾಗಿ ಕೂಗಿತು. ಎರಡನೆಯದು ಎರಡೂವರೆ ನಿಮಿಷದ ನಂತರ ಕೂಗಿತು. 150 ಸೆಕೆಂಡಿನಲ್ಲಿ 150 ಮೀಟರ್. ಅಂದರೆ ಸೆಕೆಂಡಿಗೆ ಒಂದು ಮೀಟರ್, ಗಂಟೆಗೆ 3.6 ಕಿಲೋಮೀಟರ್. ನಡೆದು ಬರುತ್ತಿರುವ ಜನ. ಮೊದಲ ಸೆನ್ಸರ್ ಐದು ನಿಮಿಷ ಬಿಡದೆ ಕೂಗಿತು. ಅಷ್ಟರಲ್ಲಿ ಸಾಲು ಸರಿದದ್ದು 300 ಮೀಟರ್. ಸೆನ್ಸರ್ ಆಚೆಗೆ 30, ಈಚೆಗೆ 30 ಮೀಟರ್ ಕೇಳಿಸಿಕೊಳ್ಳುತ್ತದೆ. ಆ 60 ಕಳೆಯಿರಿ. ಸಾಲಿನ ಉದ್ದ 240 ಮೀಟರ್. ಐದು ಮೀಟರಿಗೊಬ್ಬರಂತೆ ನಡೆದರೆ ಸುಮಾರು 50 ಮಂದಿ.

ಈಗ ನೆಟ್ಟವನು 150 ಎಂಬ ಅಂತರವನ್ನು ಅಳೆಯದೆ, ಅಂದಾಜಿಗೆ 300 ಎಂದು ಬರೆದಿದ್ದ ಎಂದುಕೊಳ್ಳಿ. ವೇಗ ಇಮ್ಮಡಿಯಾಯಿತು. ಮತ್ತೆ ಲೆಕ್ಕ ಹಾಕಿ: ಸಾಲು 540 ಮೀಟರ್, ಜನ ನೂರಕ್ಕೂ ಹೆಚ್ಚು! ನಡೆದು ಬರುತ್ತಿದ್ದ ಐವತ್ತು ಮಂದಿ ಕಾಗದದ ಮೇಲೆ ಓಡಿ ಬರುವ ನೂರು ಮಂದಿಯಾದರು. ಯಂತ್ರದ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಈ ವಿದ್ಯೆಯ ಹುಟ್ಟು ವಿಯೆಟ್ನಾಂ ಯುದ್ಧದಲ್ಲಿ. ಉತ್ತರ ವಿಯೆಟ್ನಾಂ ಲಾವೋಸಿನ ಕಾಡುಗಳ ಮೂಲಕ ದಕ್ಷಿಣಕ್ಕೆ ಜನ ಮತ್ತು ಸಾಮಗ್ರಿ ಸಾಗಿಸುತ್ತಿತ್ತು. ಅದನ್ನು ಪತ್ತೆಹಚ್ಚಲು ಅಮೆರಿಕನ್ನರು ವಿಮಾನಗಳಿಂದ ಸಾವಿರಾರು ಸೆನ್ಸರ್‌ಗಳನ್ನು ಉದುರಿಸಿದರು. ಮೊನಚು ತುದಿ ನೆಲಕ್ಕೆ ನಾಟಿಕೊಂಡರೆ ಮೇಲೆ ಉಳಿಯುವ ಆಂಟೆನಾ ಕಾಡುಗಿಡದಂತೆ ಕಾಣುತ್ತಿತ್ತು. ಸುದ್ದಿಯೆಲ್ಲ ಥಾಯ್ಲೆಂಡಿನ ನಖೋನ್ ಫನೋಮ್‌ನಲ್ಲಿದ್ದ ಕಂಪ್ಯೂಟರುಗಳಿಗೆ ಹೋಗುತ್ತಿತ್ತು. ಆದರೆ ಮೇಲಿಂದ ಬಿದ್ದದ್ದು ನಿಖರವಾಗಿ ಎಲ್ಲಿ ನಾಟಿತು? ಅದನ್ನು ತಿಳಿಯಲು ಬೀಳಿಸುವ ಗಳಿಗೆಯಲ್ಲೇ ವಿಮಾನದಿಂದ ಫೋಟೊ ತೆಗೆಯಬೇಕಾಗಿತ್ತು. ಎದೆಗಾರಿಕೆಯ ತಂಡವೊಂದು ನಡೆದುಹೋಗಿ ಕೈಯಿಂದ ನೆಡುವುದಕ್ಕೆ ಬೆಲೆ ಬಂದದ್ದು ಹೀಗೆ.

ದಾಖಲೆ ಸರಿಯಿದ್ದರೆ ಎಲ್ಲವೂ ಸರಿಯೇ? ಅದೂ ಇಲ್ಲ. 1968ರ ಜನವರಿಯಲ್ಲಿ ಖೆ ಸಾನ್ ಎಂಬಲ್ಲಿ ಸುಮಾರು ಆರು ಸಾವಿರ ಮರೀನ್ ಸೈನಿಕರು ಮುತ್ತಿಗೆಗೆ ಸಿಲುಕಿದರು. ಸುತ್ತಲ ಕಾಡಿನಲ್ಲಿ ಆತುರಾತುರವಾಗಿ ಸೆನ್ಸರ್‌ಗಳನ್ನು ಬೀಳಿಸಲಾಯಿತು. ಫೆಬ್ರುವರಿ ಮೊದಲ ವಾರ ವಾಯವ್ಯ ದಿಕ್ಕಿನ ಸೆನ್ಸರ್‌ಗಳು ರಾತ್ರಿ ಕೂಗತೊಡಗಿದವು. ಶಿಬಿರದ ಗುಪ್ತಚರ ಅಧಿಕಾರಿ ಕ್ಯಾಪ್ಟನ್ ಮಿರ್ಜಾ ಬೇಗ್ ಮತ್ತು ಜೊತೆಯವರು ನಾವೀಗ ಹಾಕಿದಂಥದ್ದೇ ಲೆಕ್ಕ ಹಾಕಿ, ದೊಡ್ಡ ಪಡೆಯೊಂದು ‘881 ದಕ್ಷಿಣ’ ಎಂಬ ಗುಡ್ಡದತ್ತ ಬರುತ್ತಿದೆಯೆಂದು ತೀರ್ಮಾನಿಸಿದರು. ಅತ್ತ ಫಿರಂಗಿಗಳು ಗುಂಡಿನ ಮಳೆ ಸುರಿಸಿದವು. ಆ ಗುಡ್ಡದ ಮೇಲೆ ದಾಳಿ ಆಗಲಿಲ್ಲ. ಆದರೆ ಐದನೇ ತಾರೀಖು ನಸುಕಿನಲ್ಲಿ, ಎಲ್ಲರ ಗಮನ ಒಂದೇ ಗುಡ್ಡದ ಮೇಲಿದ್ದಾಗ, ಪಕ್ಕದ ‘861ಎ’ ಗುಡ್ಡದ ಮೇಲೆ ದಾಳಿ ನಡೆಯಿತು. ಕೈಕೈ ಮಿಲಾಯಿಸುವ ಕಾದಾಟದ ನಂತರವೇ ಅದು ಹಿಮ್ಮೆಟ್ಟಿತು. ಯಾರೋ ಬರುತ್ತಿದ್ದಾರೆಂದು ಸೆನ್ಸರ್ ಹೇಳಿತ್ತು. ಎಲ್ಲಿಗೆ ಎಂಬುದು ಮನುಷ್ಯನ ಊಹೆಯಾಗಿತ್ತು.

ಇನ್ನೊಂದು ಮಾತನ್ನು ಮರೆಯುವಂತಿಲ್ಲ. ಆ ಬೆಟ್ಟಗಳಲ್ಲಿ ಬ್ರೂ ಎಂಬ ಗಿರಿಜನರೂ ಬದುಕುತ್ತಿದ್ದರು. ನೆಲದೊಳಗಿನ ಕಿವಿಗೆ ಸೈನಿಕನ ಹೆಜ್ಜೆಯೂ ಒಂದೇ, ಸೌದೆ ಹೊತ್ತವಳ ಹೆಜ್ಜೆಯೂ ಒಂದೇ. ಆ ವ್ಯತ್ಯಾಸ ತಿಳಿಯಬೇಕಾದರೆ ನೆಡುವಾಗಲೇ ‘ಇದು ಊರವರು ಓಡಾಡುವ ದಾರಿ’ ಎಂದು ಯಾರಾದರೂ ಕಂಡು ಬರೆದಿಟ್ಟಿರಬೇಕು.

ನಮ್ಮ ದೇಶಕ್ಕೂ ಈ ಪಾಠ ಹೊಸದಲ್ಲ. 1999ರ ಮೇ 3ರಂದು ಕಾರ್ಗಿಲ್‌ನ ಬಟಾಲಿಕ್ ಬೆಟ್ಟಗಳಲ್ಲಿ ನುಸುಳುಕೋರರನ್ನು ಕಂಡು ಸೇನೆಗೆ ತಿಳಿಸಿದವರು ತಾಶಿ ನಾಮಗ್ಯಾಲ್ ಎಂಬ ಕುರಿಗಾಹಿ. ಕಳೆದುಹೋದ ಯಾಕ್ ಹುಡುಕುತ್ತ ದುರ್ಬೀನಿನಲ್ಲಿ ನೋಡಿದಾಗ ಎಂದಿನಂತಿಲ್ಲದ ಮನುಷ್ಯರು ಕಂಡರು. ಆ ಬೆಟ್ಟ ದಿನವೂ ಹೇಗಿರುತ್ತದೆಂದು ಅವರಿಗೆ ಗೊತ್ತಿದ್ದರಿಂದಲೇ ಬದಲಾವಣೆ ಕಣ್ಣಿಗೆ ಬಿತ್ತು. ನಂತರ ಕೆ. ಸುಬ್ರಹ್ಮಣ್ಯಂ ನೇತೃತ್ವದ ಸಮಿತಿ ಕಣ್ಗಾವಲನ್ನು ಬಲಪಡಿಸಲು ಸೂಚಿಸಿತು. ಹೆಜ್ಜೆಯ ಸುಳಿವು ಹಿಡಿಯುವ, ಸೈನಿಕರು ಹೊತ್ತೊಯ್ಯಬಲ್ಲ ರಾಡಾರ್ ಒಂದನ್ನು ನಮ್ಮ ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯ ರೂಪಿಸಿತು, ಬಿಇಎಲ್ ತಯಾರಿಸಿತು. 2018ರಲ್ಲಿ ಜಮ್ಮು ಗಡಿಯ ಎರಡು ಕಡೆ ನೆಲದಡಿಯ ಸೆನ್ಸರ್‌ಗಳನ್ನೂ ಒಳಗೊಂಡ ಕಾವಲು ವ್ಯವಸ್ಥೆ ಆರಂಭವಾಯಿತು. ಯಂತ್ರಗಳು ಬಂದವು, ಬರಲಿ. ಅವನ್ನು ನೆಟ್ಟವರ ಟಿಪ್ಪಣಿ ಕುರಿಗಾಹಿಯ ಕಣ್ಣಿನಷ್ಟು ಪ್ರಾಮಾಣಿಕವಾಗಿರಬೇಕು.

ಈಗ ರೆಕಾರ್ಡ್ ಪುಸ್ತಕಕ್ಕೆ ಬರೋಣ. ಪಿಯುಸಿ ಹುಡುಗ ಲೋಲಕದ ಆಂದೋಲನ ಎಣಿಸುವಾಗ ಅಂಕಿ ತಪ್ಪಾದರೆ ಯಾರ ಪ್ರಾಣವೂ ಹೋಗುವುದಿಲ್ಲ, ನಿಜ. ಆದ್ದರಿಂದಲೇ ಆ ಅಭ್ಯಾಸಕ್ಕೆ ಲ್ಯಾಬು ಒಳ್ಳೆಯ ಜಾಗ. ಸೀನಿಯರ್ ಪುಸ್ತಕದಿಂದ ಇಳಿಸಿಕೊಂಡ ಅಂಕಿ ಎಂಥದ್ದು? ಬೇರೆ ನೆಲದಲ್ಲಿ, ಬೇರೆಯವರು ಅಳೆದದ್ದು. ನೀವು ನೆಟ್ಟ ಸೆನ್ಸರಿಗೆ ಇನ್ನೊಬ್ಬನ ಗುಡ್ಡದ ವಿಳಾಸ ಬರೆದಂತೆ. ಅದು ಅಚ್ಚುಕಟ್ಟಾಗಿ ಕಾಣುತ್ತದೆ, ಅಂಕವೂ ಬರುತ್ತದೆ. ಆದರೆ ನಿಮ್ಮ ಕೈ ಏನು ಕಂಡಿತೆಂಬುದು ಯಾರಿಗೂ ತಿಳಿಯುವುದಿಲ್ಲ. ಒಂದು ತಿಂಗಳ ನಂತರ ನಿಮಗೂ ತಿಳಿಯುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಅಂಕಿಯನ್ನು ಅಲ್ಲೇ, ಆಗಲೇ ಬರೆಯಿರಿ. ಉತ್ತರ 9.8ರ ಬದಲು 9.3 ಬಂದರೆ 9.3 ಎಂದೇ ಬರೆಯಿರಿ. ಯಾಕೆ ಹಾಗಾಯಿತೆಂದು ಪಕ್ಕದಲ್ಲಿ ಒಂದು ಸಾಲು ಸೇರಿಸಿ. ಜೊತೆಗಾರನಿಗೆ ಒಮ್ಮೆ ಓದಿ ಹೇಳಿ, ಅವನು ತಾಳೆ ನೋಡಲಿ. ಕತ್ತಲಲ್ಲಿ ನೆಲ ಅಗೆಯುವ ಆ ನಾಲ್ಕೈದು ಮಂದಿ ಹೊರಡುವ ಮುನ್ನ ಕೊನೆಯದಾಗಿ ಮಾಡಬೇಕಾದ ಕೆಲಸವೂ ಇದೇ.

ಪತ್ರ ಬರೆದ ತಂದೆಯವರಿಗೆ ಒಂದು ಮಾತು. ಮಗ ಲ್ಯಾಬಿನಿಂದ ಬಂದ ದಿನ ‘ಎಷ್ಟು ಮಾರ್ಕ್ಸ್ ಕೊಟ್ಟರು?’ ಎಂದು ಕೇಳಬೇಡಿ. ‘ನಿನಗೆ ಎಷ್ಟು ರೀಡಿಂಗ್ ಬಂತು?’ ಎಂದು ಕೇಳಿ. ಪುಸ್ತಕ ತೆಗೆದು ತೋರಿಸಿದರೆ ಒಂದು ನಿಮಿಷ ಕೂತು ನೋಡಿ. ಅಂಕಿಗಳ ಮೇಲೆ ಒಂದೆರಡು ಕಾಟು, ಮಸಿಯ ಕಲೆ ಇದ್ದರೆ ಗದರಬೇಡಿ. ಅವನೇ ಅಳೆದು ಬರೆದಿದ್ದಾನೆ ಎಂಬುದಕ್ಕೆ ಅದೇ ಗುರುತು.