ಪ್ರೇಕ್ಷಕನ ಬಾಯಿಗೆ ಬೀಗವೇಕೆ?

ಹಣ ಕೊಟ್ಟು ಚಿತ್ರಪಟವನ್ನು ನೋಡಿ ಹೊರಗೆ ಬಂದ ಮನುಷ್ಯನು, ಅದು ತನಗೆ ಹೇಗೆ ಕಂಡಿತೆಂಬುದನ್ನು ನಾಲ್ಕು ಜನರ ಮುಂದೆ ಹೇಳಬಹುದೋ ಹೇಳಬಾರದೋ? ಇಂತಹದೊಂದು ಪ್ರಶ್ನೆ ಏಳಬಹುದೆಂದು ಕೆಲವು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಈಗ ಅದು ನಗೆಯ ಮಾತಾಗಿ ಉಳಿದಿಲ್ಲ. 2024 ರ ಮಾರ್ಚ್ ತಿಂಗಳಲ್ಲಿ ಕೇರಳ ಹೈಕೋರ್ಟಿಗೆ ನೆರವಾಗಲು ನೇಮಕಗೊಂಡ ವಕೀಲರು, ಚಿತ್ರವು ತೆರೆಗೆ ಬಂದ 48 ಗಂಟೆಗಳವರೆಗೆ ಅದರ ವಿಮರ್ಶೆಯನ್ನು ಪ್ರಕಟಿಸಬಾರದೆಂದು ಸಲಹೆಯಿತ್ತರು. ಅದೇ ವರ್ಷದ ಕೊನೆಯಲ್ಲಿ ತಮಿಳು ಚಿತ್ರ ನಿರ್ಮಾಪಕರ ಸಂಘವು ಮದ್ರಾಸು ಹೈಕೋರ್ಟಿನ ಮೆಟ್ಟಿಲೇರಿ, ಮೊದಲ ಮೂರು ದಿನ ಯಾರೂ ವಿಮರ್ಶೆ ಮಾಡಕೂಡದೆಂದು ಆಜ್ಞೆ ಮಾಡಬೇಕೆಂದು ಕೇಳಿತು. ಅಂತಹ ಸಾರಾಸಗಟು ತಡೆಯನ್ನು ನ್ಯಾಯಾಲಯವು ಆಗ ನೀಡಲಿಲ್ಲ. ಆದರೆ ಗಾಳಿಯು ನಮ್ಮ ನಾಡಿಗೂ ಬೀಸದೆ ಇರಲಿಲ್ಲ. 2025 ರ ಡಿಸೆಂಬರ್ ತಿಂಗಳಲ್ಲಿ 'ದಿ ಡೆವಿಲ್' ಎಂಬ ಕನ್ನಡ ಚಿತ್ರವು ಬಿಡುಗಡೆಯಾದಾಗ, ಟಿಕೆಟು ಮಾರುವ 'ಬುಕ್ ಮೈ ಶೋ'ದಲ್ಲಿ ಪ್ರೇಕ್ಷಕರು ಅಂಕ ಕೊಡುವುದನ್ನೂ ಅಭಿಪ್ರಾಯ ಬರೆಯುವುದನ್ನೂ ನ್ಯಾಯಾಲಯದ ಆಜ್ಞೆಯ ಮೇರೆಗೆ ನಿಲ್ಲಿಸಲಾಯಿತು. ಆಜ್ಞೆಗೆ ತಲೆಬಾಗುವುದು ಪ್ರಜೆಗಳ ಧರ್ಮ. ಆದರೆ ಇಂತಹ ಆಜ್ಞೆಯನ್ನು ಬೇಡುವ ಪದ್ಧತಿಯು ಕನ್ನಡ ಚಿತ್ರರಂಗಕ್ಕೆ ಹಿತವೋ ಅಹಿತವೋ ಎಂಬುದನ್ನು ವಿಚಾರಿಸುವುದೂ ಅವರ ಧರ್ಮವೇ.

ಪ್ರೇಕ್ಷಕನ ಅಭಿಪ್ರಾಯವೆಂದರೆ ಯಾವುದೋ ಪಂಡಿತ ಪರಿಷತ್ತಿನ ನಿರ್ಣಯವಲ್ಲ. ನಮ್ಮ ಅವಳಿ ನಗರದಲ್ಲಿ ಅದು ಹುಟ್ಟುವ ಬಗೆಯನ್ನು ಓದುಗರು ಬಲ್ಲರು. ಶುಕ್ರವಾರದ ಮೊದಲ ಆಟ ಮುಗಿದ ಗಳಿಗೆಯಿಂದಲೇ ಅದು ಚಿತ್ರಗೃಹದ ಬಾಗಿಲು ದಾಟಿ, ದುರ್ಗದ ಬೈಲಿನಲ್ಲಿ ಮಿರ್ಚಿ-ಗಿರಮಿಟ್ಟಿನ ಸುತ್ತ ಕೂಡಿಕೊಂಡು, ಚಿಗರಿ ಬಸ್ಸನ್ನೇರಿ, ಸಂಜೆಯೊಳಗಾಗಿ ಧಾರವಾಡದ ಸುಭಾಷ ರಸ್ತೆಯನ್ನು ಮುಟ್ಟಿರುತ್ತದೆ. "ಹೆಂಗೈತ್ರಿ ಕಾಕಾ, ಸಿನೇಮಾ?" ಎಂದು ಕಾಲೇಜಿನ ಹುಡುಗನು ಕೇಳುತ್ತಾನೆ. "ಅರ್ಧಾ ಛಲೋ ಐತಪಾ, ಮುಂದ ಸುಮ್ನ ಎಳದಾರ" ಎಂದು ಹಿರಿಯರು ಉತ್ತರಿಸುತ್ತಾರೆ. ಈ ಎರಡು ಮಾತುಗಳಲ್ಲಿ ಒಂದು ವಿಮರ್ಶೆಯ ಸಾರವೆಲ್ಲ ಅಡಗಿದೆ. ಅದರಲ್ಲಿ ದ್ವೇಷವಿಲ್ಲ, ದಾಕ್ಷಿಣ್ಯವಿಲ್ಲ, ಸಂಬಳವಿಲ್ಲ. ಉಂಡವನು ಅಡಿಗೆಯ ರುಚಿಯನ್ನು ಹೇಳಿದಂತೆ ಅದು ಸಹಜವಾದುದು. ಕೈಯಲ್ಲಿನ ಮೊಬೈಲು ಈ ಮಾತನ್ನು ಹುಬ್ಬಳ್ಳಿಯಿಂದ ಬೀದರಕ್ಕೂ ಬೆಂಗಳೂರಿಗೂ ಒಂದೇ ಗಳಿಗೆಯಲ್ಲಿ ಮುಟ್ಟಿಸುತ್ತದೆ. ಮುಟ್ಟುವ ವೇಗ ಹೆಚ್ಚಿದೆಯೆಂದ ಮಾತ್ರಕ್ಕೆ ಮಾತಿನ ಹಕ್ಕು ಬದಲಾಗುವುದೇ?

ಈ ಊರುಗಳ ಪ್ರೇಕ್ಷಕನು ನಿನ್ನೆ ಮೊನ್ನೆ ಹುಟ್ಟಿದವನಲ್ಲ. ವಾಮನರಾವ ಮಾಸ್ತರರ ವಿಶ್ವಗುಣಾದರ್ಶ ಮಂಡಳಿಯನ್ನೂ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘವನ್ನೂ ಕಂಡ ಸೀಮೆ ಇದು. ಆ ಕಾಲದ ನಾಟಕದ ಥೇಟರಿನಲ್ಲಿ ಹಾಡು ಮನಕ್ಕೊಪ್ಪಿದರೆ ಪ್ರೇಕ್ಷಕರು 'ವನ್ಸ್ ಮೋರ್' ಎಂದು ಕೂಗಿ ನಟನನ್ನು ಮತ್ತೆ ಹಾಡಿಸುತ್ತಿದ್ದರು. ಒಪ್ಪದಿದ್ದರೆ ಅದನ್ನು ತಿಳಿಸುವ ಮಾರ್ಗವೂ ಅವರಿಗೆ ಗೊತ್ತಿತ್ತು. ನಟನು ಅದನ್ನು ಅಪಮಾನವೆಂದು ಎಣಿಸಿ ನ್ಯಾಯಾಲಯಕ್ಕೆ ಹೋಗಲಿಲ್ಲ. ಮರುದಿನ ಹೆಚ್ಚು ಶ್ರಮಿಸಿ ಹಾಡಿದನು. ಕಂಪನಿ ನಾಟಕಗಳ ಬೆಳವಣಿಗೆಯಲ್ಲಿ ಚಾಪೆಯ ಮೇಲೆ ಕುಳಿತವನ ಪಾಲು ಬಣ್ಣ ಹಚ್ಚಿದವನ ಪಾಲಿಗಿಂತ ಕಡಿಮೆಯದಲ್ಲ.

ಚಿತ್ರಪಟದ ಮಾತೂ ಹಾಗೆಯೇ. ಕೊಲ್ಲಾಪುರದ ವಿ. ಶಾಂತಾರಾಮರು ಚಿಕ್ಕ ವಯಸ್ಸಿನಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ದುಡಿದು, ಇಲ್ಲಿಯ ಸಣ್ಣದೊಂದು ಸಿನೇಮಾ ಮಂದಿರದಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತ ಮೂಕಚಿತ್ರಗಳನ್ನು ನೋಡಿದವರು. ಅದೇ ಹುಡುಗನು 1929 ರಲ್ಲಿ ಪ್ರಭಾತ್ ಕಂಪನಿಯ ಸ್ಥಾಪಕರಲ್ಲೊಬ್ಬನಾದನು. 1937 ರಲ್ಲಿ, ಮುದುಕನಿಗೆ ಕಟ್ಟಲ್ಪಟ್ಟ ತರುಣಿಯ ಪ್ರತಿಭಟನೆಯನ್ನು 'ದುನಿಯಾ ನ ಮಾನೆ' ಎಂಬ ಚಿತ್ರದಲ್ಲಿ ದೇಶದ ಮುಂದಿಟ್ಟನು. ನೋಡುವವನೇ ಮುಂದೆ ಮಾಡುವವನಾಗುತ್ತಾನೆ. ನೋಡಿದ್ದನ್ನು ತೂಗಿ ನೋಡುವ ಅಭ್ಯಾಸವೇ ಅವನ ಮೊದಲ ಪಾಠಶಾಲೆ. ಈ ಶಾಲೆಗೆ ಬೀಗ ಹಾಕಿದವರು ನಾಳಿನ ನಿರ್ದೇಶಕನನ್ನು ಎಲ್ಲಿಂದ ತರುವರು?

ಕನ್ನಡ ಚಿತ್ರವಂತೂ ಪ್ರೇಕ್ಷಕನ ಪ್ರೀತಿಯ ಹೊರತು ಬೇರೆ ಆಸರೆಯಿಲ್ಲದೆ ಬೆಳೆದುದು. ಮೊದಲ ಕನ್ನಡ ಬೋಲಪಟವಾದ 'ಸತಿ ಸುಲೋಚನಾ' 1934 ರಲ್ಲಿ ತೆರೆಕಂಡಿತು. ಅದನ್ನು ಚಿತ್ರಿಸಲು ಕನ್ನಡ ನಾಡಿನಲ್ಲಿ ಅನುಕೂಲವಿಲ್ಲದೆ ಕೊಲ್ಲಾಪುರಕ್ಕೆ ಹೋಗಬೇಕಾಯಿತು. ಧಾರವಾಡ ಸೀಮೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮರಾಠಿ, ಹಿಂದಿ ಚಿತ್ರಗಳ ಪ್ರಭಾವವು ಇಲ್ಲಿ ಪ್ರಬಲವಾಗಿತ್ತು. ನಾಡು ಹರಿದು ಹಂಚಿಹೋಗಿದ್ದ ಆ ಕಾಲದಿಂದ 1956 ರ ಏಕೀಕರಣದವರೆಗೂ ಅನಂತರವೂ ಕನ್ನಡ ಚಿತ್ರಕ್ಕೆ ನೆಲೆ ಕೊಟ್ಟವರು, ಕನ್ನಡದ ಮಾತು ಕಿವಿಗೆ ಬಿದ್ದಿತೆಂಬ ಸಂತೋಷದಿಂದ ಕಾಸು ಬಿಚ್ಚಿದ ಜನಸಾಮಾನ್ಯರು. ಒಳ್ಳೆಯದನ್ನು ಒಬ್ಬರಿಂದೊಬ್ಬರಿಗೆ ಹೇಳಿ ಹಬ್ಬಿಸಿದವರೂ ಅವರೇ.

ಅದು ಹಳೆಯ ಕಥೆಯಾಯಿತೆನ್ನುವವರು ಇತ್ತೀಚಿನ ಇನ್ನೊಬ್ಬ ಸುಲೋಚನೆಯನ್ನು ನೆನೆಯಲಿ. 2025 ರ ಜುಲೈ 25 ರಂದು 'ಸು ಫ್ರಮ್ ಸೋ' ಎಂಬ ಚಿತ್ರವು ಬಿಡುಗಡೆಯಾಯಿತು. ಸೋಮೇಶ್ವರದ ಸುಲೋಚನೆಯ ದೆವ್ವವು ಹಳ್ಳಿಯ ಹುಡುಗನೊಬ್ಬನ ಮೈಮೇಲೆ ಬಂದಿದೆಯೆಂಬ ಗುಲ್ಲಿನ ಸುತ್ತ ಹೆಣೆದ ಕಥೆ. ನಿರ್ದೇಶಕರಾದ ಜೆ.ಪಿ. ತುಮಿನಾಡರಿಗೆ ಕನ್ನಡದಲ್ಲಿ ಅದು ಮೊದಲ ಚಿತ್ರ, ಹೆಸರಾಂತ ನಾಯಕನಿಲ್ಲ, ಬೀದಿ ಬೀದಿಗೆ ಕಟೌಟುಗಳಿಲ್ಲ. ಬಿಡುಗಡೆಗೆ ಮುಂಚೆಯೇ ಕೆಲವು ಊರುಗಳಲ್ಲಿ ಹಣ ಕೊಟ್ಟು ನೋಡುವ ಪ್ರದರ್ಶನಗಳನ್ನಿಟ್ಟು, "ನೋಡಿರಿ, ನೋಡಿ ಹೇಳಿರಿ" ಎಂದು ನಿರ್ಮಾಪಕರು ಚಿತ್ರವನ್ನು ಜನರ ಕೈಗೆ ಒಪ್ಪಿಸಿದರು. ಜನರು ಹೇಳಿದರು. ಕೆಲವೇ ದಿನಗಳಲ್ಲಿ ಆಟಗಳು ಹೆಚ್ಚಿದುವು, ಚಿತ್ರವು ಮಲೆಯಾಳ ತೆಲುಗುಗಳಿಗೂ ಹೋಯಿತು. ಮೊದಲ ಮೂರು ದಿನ ಯಾರೂ ಬಾಯಿ ತೆರೆಯಬಾರದೆಂಬ ಕಟ್ಟಳೆ ಅಂದು ಜಾರಿಯಲ್ಲಿದ್ದರೆ ಆ ಚಿತ್ರದ ಗತಿ ಏನಾಗುತ್ತಿತ್ತು? ದೊಡ್ಡ ಹೆಸರಿನ ಚಿತ್ರಕ್ಕೆ ಜನರ ಮಾತು ಕೆಲವೊಮ್ಮೆ ಪೆಟ್ಟು ಕೊಟ್ಟೀತು. ಹೆಸರಿಲ್ಲದ ಚಿತ್ರಕ್ಕೆ ಆ ಮಾತೇ ಪ್ರಾಣ.

ಇರಲಿ, ನಿರ್ಮಾಪಕರ ಅಳಲನ್ನೂ ನಾವು ಕೇಳಬೇಕು. ಹಣ ಕೊಟ್ಟವರ ಚಿತ್ರವನ್ನು ಹೊಗಳಿ, ಕೊಡದವರ ಚಿತ್ರವನ್ನು ತೆಗಳುವ ಕೆಲವರಿದ್ದಾರೆ. ಒಬ್ಬ ನಟನ ಅಭಿಮಾನಿಗಳು ಇನ್ನೊಬ್ಬ ನಟನ ಚಿತ್ರವನ್ನು ನೋಡದೆಯೇ ಕೆಡಿಸಲು ಟೊಂಕಕಟ್ಟುತ್ತಾರೆ. ವರ್ಷಗಟ್ಟಲೆ ನೂರಾರು ಜನ ದುಡಿದುದನ್ನು ಆಟ ಮುಗಿಯುವ ಮೊದಲೇ ಹಾಳುಗೆಡವುವರು ಎಂಬುದು ಅವರ ದೂರು. ಇದರಲ್ಲಿ ಸತ್ಯಾಂಶವಿದೆ. ಸುಲಿಗೆಗಾಗಿ ನಿಂದಿಸುವವನು ವಿಮರ್ಶಕನಲ್ಲ. ಅವನನ್ನು ಶಿಕ್ಷಿಸಲು ಮಾನಹಾನಿಯ ಕಾಯಿದೆಯಿದೆ, ಬೆದರಿಸಿ ಹಣ ಕೀಳುವುದನ್ನು ತಡೆಯುವ ಕಾಯಿದೆಯಿದೆ. ಆಯಾ ಅಪರಾಧಿಯನ್ನು ಹಿಡಿದು ಅವುಗಳನ್ನು ಪ್ರಯೋಗಿಸಲಿ. ಆದರೆ ಹತ್ತು ಕಳ್ಳರಿದ್ದಾರೆಂದು ಇಡೀ ಊರಿನ ಜನರನ್ನು ಮನೆಯಲ್ಲಿ ಕೂಡಿಹಾಕುವುದು ಯಾವ ನ್ಯಾಯ? ಅಲ್ಲದೆ, ಹಣ ತೆತ್ತು ತೆಗಳಿಸುವುದು ಪಾಪವಾದರೆ ಹಣ ತೆತ್ತು ಹೊಗಳಿಸುವುದು ಪುಣ್ಯವೇ? ತುತೂರಿಗೆ ತಡೆಯಿಲ್ಲದೆ, ದೂರಿಗೆ ಮಾತ್ರ ತಡೆಯನ್ನು ಕೇಳುವವರ ಮನಸ್ಸಿನಲ್ಲಿ ಇರುವುದು ಸತ್ಯದ ಕಾಳಜಿಯೆಂದು ಒಪ್ಪಿಕೊಳ್ಳುವುದು ಕಠಿನ.

ಮೂರೇ ದಿನ ತಾಳಿರಿ, ಅದರಲ್ಲೇನು ನಷ್ಟ ಎನ್ನುವವರಿಗೆ ವ್ಯಾಪಾರದ ಗುಟ್ಟನ್ನು ನೆನಪಿಸಬೇಕಾಗಿದೆ. ಹಿಂದೆ ಚಿತ್ರದ ಪ್ರತಿಗಳು ಕೆಲವೇ ಇರುತ್ತಿದ್ದುವು. ದೊಡ್ಡ ನಗರಗಳಲ್ಲಿ ವಾರಗಟ್ಟಲೆ ಓಡಿದ ಮೇಲೆ ಅದು ಸಣ್ಣ ಊರುಗಳ ಟೆಂಟುಗಳಿಗೆ ಬರುತ್ತಿತ್ತು. ಅದಕ್ಕಿಂತ ಮೊದಲೇ ಅದರ ಗುಣಾವಗುಣಗಳ ಸುದ್ದಿ ಬಂದಿರುತ್ತಿತ್ತು. ಇಂದು ನಾಡಿನ ನೂರಾರು ತೆರೆಗಳ ಮೇಲೆ ಒಂದೇ ದಿನ ಚಿತ್ರವು ಮೂಡುತ್ತದೆ. ದೊಡ್ಡ ಚಿತ್ರದ ಗಳಿಕೆಯ ಬಹುಪಾಲು ಶುಕ್ರವಾರ, ಶನಿವಾರ, ಭಾನುವಾರಗಳಲ್ಲಿಯೇ ನಿಂತಿದೆ. ಆ ಮೂರು ದಿನ ಮೌನವಾಗಿರಿ ಎಂದರೆ, ಸರಕನ್ನು ನೋಡದೆ ಕೊಳ್ಳಿರಿ, ಕೊಂಡವನನ್ನು ಕೇಳದೆ ಕೊಳ್ಳಿರಿ, ಗಲ್ಲಾ ತುಂಬಿದ ಮೇಲೆ ಬೇಕಾದುದನ್ನು ಹೇಳಿಕೊಳ್ಳಿರಿ ಎಂದೇ ಅರ್ಥ. ಹುಬ್ಬಳ್ಳಿಯ ಅರಳೆಯ ಪೇಟೆಯಲ್ಲಿ ಯಾವ ದಲಾಲನೂ ಇಂತಹ ಕರಾರನ್ನು ಮುಂದಿಡುವ ಧೈರ್ಯ ಮಾಡಲಾರನು.

ಟಿಕೆಟಿನ ದರದ ಮಾತನ್ನೂ ಇಲ್ಲಿ ಮರೆಯಲಾಗದು. 2025 ರ ಸೆಪ್ಟೆಂಬರ್ ತಿಂಗಳಲ್ಲಿ ರಾಜ್ಯ ಸರ್ಕಾರವು, ತೆರಿಗೆಯನ್ನು ಬಿಟ್ಟು ಟಿಕೆಟಿನ ಬೆಲೆ 200 ರೂಪಾಯಿಗಳನ್ನು ಮೀರಬಾರದೆಂದು ನಿಯಮ ಮಾಡಿತು. ಅದೇ ತಿಂಗಳ 23 ರಂದು ಹೈಕೋರ್ಟು ಅದಕ್ಕೆ ಮಧ್ಯಂತರ ತಡೆ ನೀಡಿತು. ಆ ವಾದದ ಸರಿತಪ್ಪುಗಳನ್ನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ಗುಮಾಸ್ತನೊಬ್ಬನು ಹೆಂಡತಿ ಮಕ್ಕಳೊಡನೆ ಒಂದು ಸಂಜೆ ಚಿತ್ರಕ್ಕೆ ಹೋದರೆ ಮನೆಯ ವಾರದ ಸಂತೆಯ ಹಣ ಕರಗುವುದೆಂಬುದು ಎಲ್ಲರ ಅನುಭವ. ಅಷ್ಟು ತೆರುವವನು ಮುಂಚಿತವಾಗಿ ನಾಲ್ಕು ಮಾತು ಕೇಳಿಕೊಳ್ಳಬಾರದೇ?

ನಿರ್ಮಾಪಕರು ಇನ್ನೊಂದು ಸಂಗತಿಯನ್ನು ಮರೆತಂತಿದೆ. ತಮ್ಮ ಚಿತ್ರಗಳಿಗೆ ಅಡ್ಡಿ ಬಂದಾಗಲೆಲ್ಲ ಅವರು ಆಶ್ರಯಿಸುವುದು ಸಂವಿಧಾನದ 19 ನೆಯ ಅನುಚ್ಛೇದದ ವಾಕ್ ಸ್ವಾತಂತ್ರ್ಯವನ್ನೇ. 'ಒರೆ ಒರು ಗ್ರಾಮತ್ತಿಲೆ' ಎಂಬ ತಮಿಳು ಚಿತ್ರಕ್ಕೆ ವಿರೋಧವೆದ್ದಾಗ, 1989 ರಲ್ಲಿ ಸುಪ್ರೀಂ ಕೋರ್ಟು ಎಸ್. ರಂಗರಾಜನ್ ಅವರ ಪ್ರಕರಣದಲ್ಲಿ, ಪ್ರತಿಭಟನೆಯ ಬೆದರಿಕೆಗೆ ಅಂಜಿ ಅಭಿವ್ಯಕ್ತಿಯನ್ನು ಅಡಗಿಸಕೂಡದೆಂದು ತೀರ್ಪಿತ್ತು ನಿರ್ಮಾಪಕನ ಬೆನ್ನಿಗೆ ನಿಂತಿತು. ತೆರೆಯ ಮೇಲೆ ಮಾತನಾಡಲು ಬೇಕಾದ ಸ್ವಾತಂತ್ರ್ಯವು ತೆರೆಯ ಮುಂದೆ ಕುಳಿತವನಿಗೆ ಬೇಡವೆನ್ನುವುದು ಸರಿಯೇ?

ಪ್ರೇಕ್ಷಕರಿಗೂ ನಾವು ಹೇಳಬೇಕಾದ ಮಾತಿದೆ. ಹಕ್ಕು ಎಷ್ಟು ದೊಡ್ಡದೋ ಹೊಣೆಯೂ ಅಷ್ಟೇ ದೊಡ್ಡದು. ಚಿತ್ರವನ್ನು ನೋಡದೆ ತೀರ್ಪು ಕೊಡುವವನು, ನಾಯಕನ ಜಾತಿಯನ್ನೋ ಜಿಲ್ಲೆಯನ್ನೋ ನೋಡಿ ಜಯಕಾರ ಹಾಕುವವನು, ಮೆಚ್ಚಿದ ನಟನ ಚಿತ್ರವು ಚೆನ್ನಾಗಿಲ್ಲವೆಂದ ಹೆಣ್ಣುಮಕ್ಕಳ ಮೇಲೆ ಬಾಯಿಗೆ ಬಂದಂತೆ ಹರಿಹಾಯುವವನು, ಇವರೆಲ್ಲರೂ ಬೀಗ ಹಾಕಬೇಕೆನ್ನುವವರ ಕೈಗೆ ಬೀಗವನ್ನು ತಂದು ಕೊಡುತ್ತಿದ್ದಾರೆ. ಕಟೌಟಿಗೆ ಹಾಲೆರೆಯುವ ಭಕ್ತನಿಂದ ನಟನಿಗಾಗಲಿ ಭಾಷೆಗಾಗಲಿ ಉಪಕಾರವಿಲ್ಲ. "ಈ ಸಲ ನೀವು ಸೋತಿರಿ" ಎಂದು ಪ್ರೀತಿಯಿಂದ ಹೇಳಬಲ್ಲವನೇ ನಿಜವಾದ ಅಭಿಮಾನಿ.

ಈ ಸೀಮೆಯ ಪ್ರೇಕ್ಷಕರು ಹೇಳಲೇಬೇಕಾದ, ಆದರೆ ಗಟ್ಟಿಯಾಗಿ ಹೇಳದ ಒಂದು ಮಾತೂ ಉಂಟು. ಕನ್ನಡ ಚಿತ್ರಗಳಲ್ಲಿ ಉತ್ತರ ಕರ್ನಾಟಕದ ಮಾತು ಬಹಳ ಕಾಲದಿಂದ ನಗೆಯ ಪಾತ್ರದ ಪಾಲಿಗೇ ಬಂದಿದೆ. ನಾಯಕನು ಬೆಂಗಳೂರಿನ ಕನ್ನಡವನ್ನಾಡುತ್ತಾನೆ. ಅವನ ಹಿಂದೆ ನಿಂತ ದಡ್ಡನು ನಮ್ಮ ಕನ್ನಡವನ್ನಾಡುತ್ತಾನೆ. ಬೇರೆ ಕಡೆಯವರಿಗೆ ಅದು ತಿಳಿಯದೆಂಬುದು ಅವರ ಸಮಾಧಾನ. 'ಕಾಂತಾರ'ವೂ 'ಸು ಫ್ರಮ್ ಸೋ'ವೂ ಕರಾವಳಿಯ ಕನ್ನಡವನ್ನಾಡಿದುವು. ಹುಬ್ಬಳ್ಳಿಯ ಜನಕ್ಕೆ ಅದು ತಿಳಿಯಲಿಲ್ಲವೇ? ತಿಳಿದು, ಮೆಚ್ಚಿ, ಮತ್ತೊಮ್ಮೆ ಹೋಗಿ ನೋಡಲಿಲ್ಲವೇ? 1990 ರಲ್ಲಿ ನಾಗಾಭರಣರು 'ಸಂತ ಶಿಶುನಾಳ ಶರೀಫ'ರನ್ನು ತೆರೆಗೆ ತಂದಾಗ ನಾಡೆಲ್ಲ ಈ ಸೀಮೆಯ ಸಂತನಿಗೆ ಕಿವಿಗೊಡಲಿಲ್ಲವೇ? ಹೀಗಿರುವಾಗ ತಿಳಿಯದೆಂಬುದು ನೆಪವಲ್ಲದೆ ಮತ್ತೇನು? ಚಿಗರಿ ಬಸ್ಸಿನಲ್ಲಿ ಕುಳಿತು ಇದನ್ನು ಗೊಣಗುವ ಬದಲು ನಾಲ್ಕು ಜನ ಕೇಳುವಂತೆ ಹೇಳಿದರೆ ಚಿತ್ರ ಬರೆಯುವವರ ಕಿವಿಗೂ ಅದು ಬಿದ್ದೀತು. ಅಭಿಪ್ರಾಯ ಹೇಳುವ ಹಕ್ಕಿನಿಂದ ಆಗಬೇಕಾದ ಕೆಲಸ ಇಂತಹದು.

ಆದುದರಿಂದ ನಿರ್ಮಾಪಕರು ನ್ಯಾಯಾಲಯದ ಬಾಗಿಲಲ್ಲಿ ಕಳೆಯುವ ಹೊತ್ತನ್ನು ಚಿತ್ರಗೃಹದ ಬಾಗಿಲಲ್ಲಿ ಕಳೆಯಲಿ. ಶುಕ್ರವಾರ ಸಂಜೆ ಹುಬ್ಬಳ್ಳಿಗೆ ಬಂದು, ಆಟ ಬಿಟ್ಟ ಮೇಲೆ ಹೊರಬರುವ ಜನರ ನಡುವೆ ಹೆಸರು ಹೇಳಿಕೊಳ್ಳದೆ ಅರ್ಧ ಗಂಟೆ ನಿಲ್ಲಲಿ. ಹೊಗಳಿಕೆ ಕೇಳಿದರೆ ಹಿಗ್ಗಲಿ; ಬೈಗಳು ಕೇಳಿದರೆ ಮುಂದಿನ ಚಿತ್ರಕ್ಕೆ ಅದನ್ನು ಬಂಡವಾಳವಾಗಿ ಒಯ್ಯಲಿ. ಪ್ರೇಕ್ಷಕನು ಬೈಯುವವರೆಗೆ ಅವನಿಗೆ ಕನ್ನಡ ಚಿತ್ರದ ಮೇಲೆ ಆಸೆಯಿದೆಯೆಂದೇ ತಿಳಿಯಬೇಕು. ಅವನು ಏನನ್ನೂ ಹೇಳದೆ, ಎದುರಿನ ತೆರೆಯಲ್ಲಿ ಓಡುವ ಪರಭಾಷೆಯ ಚಿತ್ರಕ್ಕೆ ಸದ್ದಿಲ್ಲದೆ ನಡೆದುಬಿಡುವ ದಿನ ಬಂದರೆ, ಆ ಮೌನವನ್ನು ಮುರಿಯುವ ಆಜ್ಞೆಯನ್ನು ಯಾವ ನ್ಯಾಯಾಲಯವೂ ಕೊಡಲಾರದು.